ಕಿತ್ತಳೆ ಬಣ್ಣದ ಕುಳ್ಳ ಕ್ರೇಫಿಶ್: ಮನೆಯ ಅಕ್ವೇರಿಯಂನಲ್ಲಿ ಸಾಕಿ ಮರಿ ಮಾಡಿಸುವ ಬಗೆ

ಸೀಗಡಿ, ಏಡಿಗಳ ಬಂಧುವಾದ ಸಿಹಿನೀರಿನ ಕ್ರೇಫಿಶ್ ಸಾಕಲು ಹೊರಟವರು ಸಾಮಾನ್ಯವಾಗಿ ಕೇಳುವುದು ತೊಟ್ಟಿ ಎಷ್ಟು ದೊಡ್ಡದಿರಬೇಕು, ತಿನ್ನಲು ಏನು ಹಾಕಬೇಕು ಎಂದು. ಆ ಎರಡಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನಮ್ಮ ಮನೆಯ ನೀರಿನಲ್ಲಿ ಈ ಪ್ರಾಣಿ ಸಲೀಸಾಗಿ ಪೊರೆ ಕಳಚಬಲ್ಲದೇ? ಗಟ್ಟಿ ಚಿಪ್ಪಿನೊಳಗೆ ಬದುಕುವ ಜೀವ ಬೆಳೆಯಬೇಕಾದರೆ ಹಳೆಯ ಚಿಪ್ಪನ್ನು ಬಿಟ್ಟು ಹೊರಬರಲೇಬೇಕು. ಅದು ಬೆಳೆಯುವುದು, ಕಳೆದುಕೊಂಡ ಕಾಲು ಮತ್ತೆ ಮೂಡುವುದು, ಗಂಡು ಹೆಣ್ಣು ಕೂಡುವುದು, ಕೊನೆಗೆ ಸಾಕುವವರ ಕೈಯಲ್ಲಿ ಸಾಯುವುದು ಕೂಡ ಬಹುಮಟ್ಟಿಗೆ ಪೊರೆಯ ಆಚೀಚೆಯೇ. ಹಾಗಾಗಿ ಮುಂದೆ ಹೇಳುವ ಪ್ರತಿಯೊಂದು ಕೆಲಸವನ್ನೂ ಪೊರೆಯನ್ನು ಗಮನದಲ್ಲಿಟ್ಟುಕೊಂಡೇ ಹೇಳುತ್ತೇನೆ.

ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು

ನಮ್ಮ ಅಂಗಡಿಗಳಲ್ಲಿ 'ಬ್ಲೂ ಲಾಬ್‌ಸ್ಟರ್' ಎಂದು ಮಾರುವುದು ಬಹುತೇಕ ಉತ್ತರ ಅಮೆರಿಕದ ಪ್ರೊಕ್ಯಾಂಬರಸ್ ಕುಲದ ಕ್ರೇಫಿಶ್. ನೋಡಲು ಬಲು ಚೆಂದ. ಆದರೆ 10ರಿಂದ 12 ಸೆಂಟಿಮೀಟರ್ ಬೆಳೆಯುತ್ತದೆ, ಗಿಡಗಳನ್ನು ಬುಡಸಮೇತ ಕೀಳುತ್ತದೆ, ರಾತ್ರಿ ತಳದಲ್ಲಿ ಮಲಗಿದ ಮೀನನ್ನು ಹಿಡಿದು ತಿನ್ನುತ್ತದೆ. ಆಸ್ಟ್ರೇಲಿಯಾ ಮೂಲದ ರೆಡ್‌ಕ್ಲಾ ಇನ್ನೂ ದೊಡ್ಡದು, 20 ಸೆಂಟಿಮೀಟರ್ ದಾಟುತ್ತದೆ. ನಾಲ್ಕು ಅಡಿಯ ತೊಟ್ಟಿ ಇಡಲು ಜಾಗವಿಲ್ಲದವರು ಇವುಗಳ ಆಸೆ ಬಿಡುವುದು ಒಳ್ಳೆಯದು.

ಉಚಿತವಾಗಿ ಕೊಟ್ಟರೂ ತರಬಾರದ್ದು ಅಮೃತಶಿಲೆಯಂಥ ಗೆರೆಗಳಿರುವ ಮಾರ್ಬಲ್ಡ್ ಕ್ರೇಫಿಶ್. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ವ್ಯಾಪಾರದಲ್ಲಿ ಕಾಣಿಸಿಕೊಂಡ ಈ ಜಾತಿಯಲ್ಲಿ ಎಲ್ಲವೂ ಹೆಣ್ಣೇ. ಗಂಡಿನ ಹಂಗಿಲ್ಲದೆ ಒಂದೇ ಪ್ರಾಣಿ ನೂರಾರು ಮೊಟ್ಟೆಯಿಟ್ಟು ತನ್ನದೇ ಪ್ರತಿಗಳನ್ನು ಹುಟ್ಟಿಸುತ್ತದೆ. ಮಡಗಾಸ್ಕರ್‌ನಲ್ಲಿ ಇದು ನದಿ, ಭತ್ತದ ಗದ್ದೆಗಳಿಗೆಲ್ಲ ಹಬ್ಬಿಕೊಂಡಿದೆ.

ಮನೆಗೆ ಹೇಳಿಮಾಡಿಸಿದ್ದು ಕಿತ್ತಳೆ ಬಣ್ಣದ ಕುಳ್ಳ ಕ್ರೇಫಿಶ್, ವೈಜ್ಞಾನಿಕವಾಗಿ ಕ್ಯಾಂಬರೆಲಸ್ ಪಾಟ್ಸ್‌ಕ್ವಾರೆನ್ಸಿಸ್. ಇದರ ತವರು ಮೆಕ್ಸಿಕೊದ ಮಿಚೊವಾಕಾನ್ ರಾಜ್ಯದ ಪಾಟ್ಸ್‌ಕ್ವಾರೊ ಸರೋವರದ ಸುತ್ತಮುತ್ತ, ಸಮುದ್ರಮಟ್ಟದಿಂದ 2,000 ಮೀಟರಿಗೂ ಎತ್ತರದಲ್ಲಿ. ಅಲ್ಲಿನ ಕಾಡುತಳಿ ಮಣ್ಣಿನ ಬಣ್ಣದ್ದು. ಯುರೋಪಿನ ಹವ್ಯಾಸಿಗಳು ಆಯ್ದು ಬೆಳೆಸಿದ ಕಿತ್ತಳೆ ತಳಿ ಇಂದು ಲೋಕದ ಎಲ್ಲ ಕಡೆಯ ತೊಟ್ಟಿಗಳಲ್ಲಿದೆ. ತವರಿನಲ್ಲಿ ಮಾತ್ರ ಈ ಜಾತಿ ಅಳಿವಿನಂಚಿನ ಪಟ್ಟಿ ಸೇರಿದೆ. ಪೂರ್ತಿ ಬೆಳೆದರೂ 4 ಸೆಂಟಿಮೀಟರ್ ಆಸುಪಾಸು. ಗಿಡ ಹಾಳು ಮಾಡುವುದಿಲ್ಲ, ತೊಟ್ಟಿಯಲ್ಲೇ ಮರಿ ಮಾಡುತ್ತದೆ. ಆಯುಸ್ಸು ಒಂದೂವರೆಯಿಂದ ಎರಡು ವರ್ಷ. ಮೀನಿನಷ್ಟು ದೀರ್ಘಕಾಲದ ಒಡನಾಟವನ್ನು ಇದರಿಂದ ನಿರೀಕ್ಷಿಸಬೇಡಿ.

ಮೊದಲ ಕೆಲಸ: ನಿಮ್ಮ ನೀರು ಎಂಥದು ಎಂದು ತಿಳಿಯಿರಿ

ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ಅದರ ಬಹುಪಾಲನ್ನು ಕ್ರೇಫಿಶ್ ನೀರಿನಿಂದಲೇ ಹೀರಿಕೊಳ್ಳುತ್ತದೆ. ಆದ್ದರಿಂದ ಇದಕ್ಕೆ ಒಗ್ಗುವುದು ಸ್ವಲ್ಪ ಗಡಸು ನೀರು: ಪಿಎಚ್ 7ರಿಂದ 8, ಜಿಎಚ್ ಎಂಬ ಗಡಸುತನದ ಅಳತೆ 6ಕ್ಕಿಂತ ಮೇಲೆ, ಕೆಎಚ್ ಎಂಬ ಕಾರ್ಬೊನೇಟ್ ಗಡಸುತನ 3ಕ್ಕಿಂತ ಮೇಲೆ. ಜಿಎಚ್ ಅಳೆಯುವ ಹನಿ ಪರೀಕ್ಷೆಯ ಕಿಟ್ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ಬೇರೆ ಯಾವ ಉಪಕರಣಕ್ಕೆ ದುಡ್ಡು ಉಳಿಸಿದರೂ ಇದಕ್ಕೆ ಉಳಿಸಬೇಡಿ.

ಬಯಲುಸೀಮೆಯ ಕೊಳವೆಬಾವಿ ನೀರು ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಹೆಚ್ಚೇ ಗಡಸು. ಅದಕ್ಕೆ ಆರ್‌ಒ ನೀರು ಬೆರೆಸಿ ಹದಕ್ಕೆ ತಂದರೆ ಸಾಕು. ಬೆಂಗಳೂರಿನ ಕಾವೇರಿ ನೀರು ಕೊಳವೆಬಾವಿಯದಕ್ಕಿಂತ ಮೆದು, ಜೊತೆಗೆ ಕ್ಲೋರಿನ್ ಹಾಕಿದ್ದು. ಬಕೆಟ್ಟಿನಲ್ಲಿ ಹಿಡಿದು ಒಂದು ದಿನ ಗಾಳಿ ಬಿಡಿ, ಇಲ್ಲವೇ ಕ್ಲೋರಿನ್ ತೆಗೆಯುವ ದ್ರಾವಣ ಬಳಸಿ. ಕರಾವಳಿಯ ಮುರಕಲ್ಲಿನ ನೆಲದ ಬಾವಿಗಳ ನೀರು ಕುಡಿಯಲು ಸವಿ, ಆದರೆ ಖನಿಜ ಕಡಿಮೆ, ಹುಳಿಯ ಕಡೆಗೆ ವಾಲಿದ್ದು. ಅಲ್ಲಿನವರು ತೊಳೆದು ಕುದಿಸಿದ ಕಪ್ಪೆಚಿಪ್ಪುಗಳನ್ನು ಪುಡಿಗುಟ್ಟಿ, ಒಂದು ಹಿಡಿಯನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ಪಕ್ಕ ಇಟ್ಟರೆ ಗಡಸುತನ ನಿಧಾನವಾಗಿ ಏರುತ್ತದೆ. ಪಂಜರದ ಹಕ್ಕಿಗಳಿಗೆ ಕಟ್ಟುವ ಕಟಲ್‌ಬೋನ್ ತುಂಡೂ ಆಗುತ್ತದೆ. ಹವಳದ ಚೂರು ಹುಡುಕಿಕೊಂಡು ಹೋಗಬೇಡಿ. ನಮ್ಮ ಕಡಲಿನ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಎರಡು ನೀರುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಕುಡಿಯುವ ನೀರಿನ ಶುದ್ಧೀಕರಣ ಯಂತ್ರದಿಂದ ಬರುವ ಆರ್‌ಒ ನೀರು ನಮಗೆ ಶುದ್ಧ, ಕ್ರೇಫಿಶ್‌ಗೆ ಬರಿದು. ಅದೊಂದರಲ್ಲೇ ಸಾಕಿದರೆ ಪೊರೆ ಕಳಚುವಾಗ ಸಾಯುತ್ತವೆ. ಎರಡನೆಯದು ಅಪಾರ್ಟ್‌ಮೆಂಟ್‌ಗಳ ಸಾಫ್ಟ್‌ನರ್ ನೀರು. ಈ ಯಂತ್ರ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೆಗೆದು ಆ ಜಾಗದಲ್ಲಿ ಸೋಡಿಯಂ ತುಂಬುತ್ತದೆ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಮೊತ್ತ ತೋರಿಸುವ ಟಿಡಿಎಸ್ ಮೀಟರ್ ಅದ್ದಿದರೆ ಅಂಕಿ ಮೊದಲಿನಷ್ಟೇ ದೊಡ್ಡದು, ನೀರು ಗಡಸಾಗಿಯೇ ಇದೆ ಎಂದು ನಂಬಿಬಿಡುತ್ತೇವೆ. ಜಿಎಚ್ ಪರೀಕ್ಷೆ ಮಾಡಿದರೆ ಮಾತ್ರ ಅಸಲು ಸಂಗತಿ ತಿಳಿಯುತ್ತದೆ. ನಿಮ್ಮ ನಲ್ಲಿಗೆ ಸಾಫ್ಟ್‌ನರ್ ನೀರು ಬರುತ್ತಿದೆಯೇ ಎಂದು ಕಟ್ಟಡದ ನಿರ್ವಹಣೆ ನೋಡುವವರನ್ನು ಕೇಳಿ. ಬರುತ್ತಿದ್ದರೆ ಯಂತ್ರಕ್ಕೆ ಹೋಗುವ ಮುಂಚಿನ ನೀರನ್ನು ಹಿಡಿದು ತನ್ನಿ.

ತೊಟ್ಟಿ ಕೂಡಿಸುವುದು

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಸುಮಾರು 56 ಲೀಟರ್ ಹಿಡಿಯುತ್ತದೆ. ಎರಡು ಗಂಡು, ನಾಲ್ಕು ಹೆಣ್ಣುಗಳಿಂದ ಆರಂಭಿಸಲು ಇದು ಸಾಕು. ಇವು ತಳದಲ್ಲಿ ಓಡಾಡುವ ಪ್ರಾಣಿಗಳಾದ್ದರಿಂದ ಎತ್ತರಕ್ಕಿಂತ ನೆಲದ ವಿಸ್ತಾರ ಮುಖ್ಯ. ತಳಕ್ಕೆ ಒಂದು ಇಂಚು ನಯವಾದ ಮರಳು ಹಾಸಿ.

ಫಿಲ್ಟರ್ ಗಾಳಿ ಪಂಪಿನಿಂದ ನಡೆಯುವ ಸ್ಪಂಜಿನದೇ ಆಗಿರಲಿ. ಜೋರಾಗಿ ಎಳೆಯುವ ಫಿಲ್ಟರ್‌ಗಳು ಮರಿಗಳನ್ನು ನುಂಗುತ್ತವೆ. ಸ್ಪಂಜಿನ ಮೇಲೆ ಕಟ್ಟುವ ಜೀವಪದರವಾದರೋ ಮರಿಗಳಿಗೆ ಮೇವು. ವಿದ್ಯುತ್ ಕಡಿತ ಇರುವ ಊರಿನವರು ಬ್ಯಾಟರಿಯ ಪಂಪೊಂದನ್ನು ಇಟ್ಟುಕೊಳ್ಳಬೇಕು. ತೊಟ್ಟಿಯನ್ನು ಅಂಚಿನಿಂದ ಎರಡು ಇಂಚು ಕೆಳಗಿನವರೆಗೆ ಮಾತ್ರ ತುಂಬಿ, ಮುಚ್ಚಳ ಹಾಕಿ, ಪೈಪು ಹೋಗುವ ಸಂದುಗಳನ್ನು ಸ್ಪಂಜಿನ ತುಂಡಿನಿಂದ ಮುಚ್ಚಿ. ಗಾಳಿಯ ನಳಿಕೆಯನ್ನು ಹಿಡಿದು ಹತ್ತಿ ಹೊರಬಿದ್ದ ಕ್ರೇಫಿಶ್ ಬೆಳಗ್ಗೆ ಸೋಫಾದ ಕೆಳಗೆ ಒಣಗಿ ಸಿಗುವುದುಂಟು.

ಇನ್ನು ಅಡಗುತಾಣ. ಎಷ್ಟು ಪ್ರಾಣಿಗಳಿವೆಯೋ ಅದಕ್ಕಿಂತ ಎರಡು ಮೂರು ಹೆಚ್ಚೇ ಇರಲಿ, ಏಕೆಂದರೆ ಪೊರೆ ಕಳಚಿದ ಮೆತ್ತನೆಯ ದೇಹಕ್ಕೆ ಜೊತೆಗಾರರಿಂದಲೇ ಅಪಾಯ. ಒಂದು ಇಂಚಿನ ಪಿವಿಸಿ ಪೈಪನ್ನು ಮೂರು ಇಂಚು ಉದ್ದಕ್ಕೆ ಕತ್ತರಿಸಿ ಹಾಕಬಹುದು. ನನಗೆ ಹೆಚ್ಚು ಇಷ್ಟ ಹಳೆಯ ಮಂಗಳೂರು ಹೆಂಚಿನ ಚೂರುಗಳು. ಬಣ್ಣ, ಸುಣ್ಣ ಹತ್ತದ ಹೆಂಚನ್ನು ಉಜ್ಜಿ ತೊಳೆದು, ಒಂದರ ಮೇಲೊಂದು ಓರೆಯಾಗಿ ಪೇರಿಸಿದರೆ ನಡುವೆ ಬೇರೆ ಬೇರೆ ಅಳತೆಯ ಸಂದುಗಳಾಗುತ್ತವೆ. ಅಗಲದ ಸಂದಿಗೆ ದೊಡ್ಡವು, ಕಿರಿದರೊಳಗೆ ಮರಿಗಳು. ಜಾವಾ ಪಾಚಿ, ಜಾವಾ ಫರ್ನ್, ಅನುಬಿಯಾಸ್ ಗಿಡಗಳನ್ನು ಹೇರಳವಾಗಿ ಇಡಿ. ರಸ್ತೆ ಬದಿಯ ಕಾಡುಬಾದಾಮಿ ಮರದಿಂದ ತಾನಾಗಿ ಉದುರಿ ಒಣಗಿದ ಎಲೆಗಳನ್ನು ತೊಳೆದು ನಾಲ್ಕೈದು ಹಾಕಿ. ವಾರ ಕಳೆದಂತೆ ಅವು ಕೊಳೆತು ಜಾಲರಿಯಾಗುತ್ತವೆ. ಆ ಕೊಳೆತದ್ದೇ ಇವುಗಳ ನಿತ್ಯದ ಊಟದ ಒಂದು ಭಾಗ.

ಇಷ್ಟಾದ ಮೇಲೆ ತೊಟ್ಟಿಯನ್ನು ಖಾಲಿಯಾಗಿ ನಾಲ್ಕರಿಂದ ಆರು ವಾರ ಓಡಿಸಿ. ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದರೆ, ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾಗಳು ಸ್ಪಂಜಿನಲ್ಲಿ ನೆಲೆಯೂರುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಕ್ರೇಫಿಶ್ ತರಬೇಡಿ. ಹಳೆಯ ತೊಟ್ಟಿ ಇರುವ ಗೆಳೆಯರಿಂದ ಓಡಿದ ಸ್ಪಂಜು ಸಿಕ್ಕರೆ ಕಾಯುವ ಕಾಲ ಕಡಿಮೆಯಾಗುತ್ತದೆ, ಆ ತೊಟ್ಟಿಗೆ ಇತ್ತೀಚೆಗೆ ಔಷಧ ಹಾಕಿಲ್ಲವೆಂದು ಖಚಿತವಾಗಿದ್ದರೆ.

ಮನೆಗೆ ತರುವ ದಿನ

ಒಂದೂವರೆಯಿಂದ ಎರಡು ಸೆಂಟಿಮೀಟರಿನ ಎಳೆಯವನ್ನು ಆರಿಸಿ. ಎರಡೂ ಮೀಸೆ ಉದ್ದವಾಗಿರಬೇಕು, ಮುಟ್ಟಲು ಹೋದರೆ ಬಾಲ ಬಡಿದು ಹಿಂದಕ್ಕೆ ಚಿಮ್ಮಬೇಕು. ಬಾಲದ ಮಾಂಸ ಸುಣ್ಣದಂತೆ ಬೆಳ್ಳಗಾಗಿರುವುದನ್ನು ಕೊಳ್ಳಬೇಡಿ. ಅದು ಪೋರ್ಸಿಲಿನ್ ಕಾಯಿಲೆಯ ಗುರುತಾಗಿರಬಹುದು, ಅದಕ್ಕೆ ಮದ್ದಿಲ್ಲ. ಒಂದು ಕಾಲು ಇಲ್ಲದಿದ್ದರೆ ಚಿಂತೆಯಿಲ್ಲ, ಮುಂದಿನ ಪೊರೆಗಳಲ್ಲಿ ಮೂಡುತ್ತದೆ.

ಚೀಲದ ನೀರಿನೊಂದಿಗೆ ಅವನ್ನು ಬಕೆಟ್ಟಿಗೆ ಬಿಟ್ಟು, ಗಂಟು ಹಾಕಿದ ನಳಿಕೆಯಿಂದ ನಿಮ್ಮ ತೊಟ್ಟಿಯ ನೀರು ಹನಿ ಹನಿಯಾಗಿ ಬೀಳುವಂತೆ ಮಾಡಿ. ಒಂದೂವರೆ ಗಂಟೆಯಲ್ಲಿ ನೀರು ಮೂರು ಪಟ್ಟಾದರೆ ಸರಿ. ಅವಸರ ಮಾಡಿ ಸುರಿದರೆ, ಖನಿಜದ ಪ್ರಮಾಣ ಒಮ್ಮೆಲೇ ಬದಲಾಗಿ ಅಕಾಲದಲ್ಲಿ ಪೊರೆ ಬಿಡಲು ಹೋಗಿ ಸಾಯುತ್ತವೆ. ಇದೇ ಕಾರಣಕ್ಕೆ ಮುಂದೆ ನೀರು ಬದಲಿಸುವಾಗಲೂ ವಾರಕ್ಕೆ ಶೇಕಡಾ 10ರಿಂದ 20 ದಾಟಬೇಡಿ.

ಊಟ

ವಾರದಲ್ಲಿ ನಾಲ್ಕೈದು ದಿನ, ಸಂಜೆ ದೀಪ ಆರಿಸುವ ಹೊತ್ತಿಗೆ, ತಳಕ್ಕೆ ಮುಳುಗುವ ಸೀಗಡಿ ಗುಳಿಗೆ. ವಾರಕ್ಕೊಮ್ಮೆ ಶೈತ್ಯೀಕರಿಸಿದ ಬ್ಲಡ್‌ವರ್ಮ್ ಎಂಬ ಕೆಂಪು ಹುಳು. ಉಳಿದಂತೆ ಬಿಸಿನೀರಿನಲ್ಲಿ ಬಾಡಿಸಿದ ಪಾಲಕ್, ನುಗ್ಗೆ ಸೊಪ್ಪು, ಸಿಪ್ಪೆ ಸುಲಿದ ಬಟಾಣಿ. ಸೊಪ್ಪು ನಿಮ್ಮ ಕುಂಡದಲ್ಲೇ ಬೆಳೆದದ್ದಾದರೆ ಮಾತ್ರ ಹಾಕಿ. ಮಾರುಕಟ್ಟೆಯ ಸೊಪ್ಪಿನ ಮೇಲಿನ ಕೀಟನಾಶಕ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಉಪ್ಪು ಹಾಕಿದ ಒಣಸೀಗಡಿ ಬೇಡ. ಬೆಳಗ್ಗೆಗೆ ಉಳಿದದ್ದನ್ನು ತೆಗೆದುಬಿಡಿ.

ಪೊರೆ ಕಳಚುವ ಹೊತ್ತು

ಎಳೆಯವು ವಾರ ಎರಡು ವಾರಕ್ಕೊಮ್ಮೆ, ಬೆಳೆದವು ತಿಂಗಳುಗಳ ಅಂತರದಲ್ಲಿ ಪೊರೆ ಬಿಡುತ್ತವೆ. ಅದಕ್ಕೆ ಮುಂಚೆ ಒಂದೆರಡು ದಿನ ಊಟ ಬಿಟ್ಟು ಮೂಲೆ ಸೇರುತ್ತವೆ. ಒಳಗೆ ಆಗುತ್ತಿರುವುದು ದೊಡ್ಡ ಕೆಲಸ: ಹಳೆಯ ಚಿಪ್ಪಿನ ಕ್ಯಾಲ್ಸಿಯಂನ ಒಂದಷ್ಟು ಭಾಗವನ್ನು ಹಿಂದಕ್ಕೆ ಎಳೆದುಕೊಂಡು, ಜಠರದ ಗೋಡೆಯಲ್ಲಿ ಎರಡು ಪುಟ್ಟ ಬಿಳಿ ಬಿಲ್ಲೆಗಳಾಗಿ ಕೂಡಿಡುತ್ತವೆ. ಹೊಸ ಚಿಪ್ಪು ಗಟ್ಟಿಯಾಗುವಾಗ ಆ ಬಿಲ್ಲೆಗಳು ಕರಗಿ ಮೊದಲ ಕಂತಿನ ಕ್ಯಾಲ್ಸಿಯಂ ಒದಗಿಸುತ್ತವೆ.

ಹೊತ್ತು ಬಂದಾಗ ಪ್ರಾಣಿ ಒಂದು ಮಗ್ಗುಲಿಗೆ ವಾಲುತ್ತದೆ. ಬೆನ್ನಿನ ಚಿಪ್ಪು ಮತ್ತು ಬಾಲ ಸೇರುವ ಕಡೆ ಅಡ್ಡಲಾಗಿ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಮೊದಲು ಬೆನ್ನು ಉಬ್ಬಿ ಮೇಲೇಳುತ್ತದೆ, ತಲೆ, ಕಣ್ಣು, ಮೀಸೆ, ಕಾಲುಗಳು ಹಿಂದಕ್ಕೆ ಜಾರಿಕೊಳ್ಳುತ್ತವೆ, ಕೊನೆಗೆ ಬಾಲವನ್ನು ಒಮ್ಮೆ ಝಾಡಿಸಿದೊಡನೆ ಇಡೀ ದೇಹ ಹೊರಗೆ. ಎಲ್ಲ ಸರಿಯಿದ್ದರೆ ಕೆಲವೇ ನಿಮಿಷಗಳ ಕೆಲಸ. ಈ ಹೊತ್ತಿನಲ್ಲಿ ತೊಟ್ಟಿಗೆ ಕೈ ಹಾಕಬಾರದು. ಸಿಕ್ಕಿಕೊಂಡಂತೆ ಕಂಡರೂ ಎಳೆದು ಬಿಡಿಸಲು ಹೋಗಬೇಡಿ, ಕಾಲುಗಳೇ ಕಿತ್ತುಬರುತ್ತವೆ.

ಬೆಳಗ್ಗೆ ಎದ್ದು ನೋಡಿದರೆ ಮರಳಿನ ಮೇಲೆ ಮೀಸೆ ಸಮೇತ ಇಡೀ ಕ್ರೇಫಿಶ್ ಬಿದ್ದಿರುತ್ತದೆ. ಸತ್ತಿತೆಂದು ಎತ್ತಿ ಬಿಸಾಡುವ ಮುಂಚೆ ಹತ್ತಿರದಿಂದ ನೋಡಿ. ಕಣ್ಣಿನ ಜಾಗ ಪಾರದರ್ಶಕವಾಗಿದ್ದು, ಬೆನ್ನ ಹಿಂದೆ ಬಿರುಕಿದ್ದು, ಒಳಗೆ ಟೊಳ್ಳಾಗಿದ್ದರೆ ಅದು ಪೊರೆ. ಸತ್ತದ್ದಾದರೆ ಒಳಗಿನ ಮಾಂಸ ಮಂಕಾಗಿ ಕಾಣುತ್ತದೆ, ಬೇಗನೆ ನಾರುತ್ತದೆ. ಪೊರೆಯನ್ನು ಅಲ್ಲೇ ಬಿಡಿ. ಅದರಲ್ಲಿರುವ ಕ್ಯಾಲ್ಸಿಯಂಗಾಗಿ ಕ್ರೇಫಿಶ್ ಅದನ್ನೇ ತಿನ್ನುತ್ತದೆ. ಒಂದಾದ ಮೇಲೊಂದು ಪೊರೆಯಲ್ಲೇ ಸಾಯುತ್ತಿದ್ದರೆ ಬೇರೇನನ್ನೂ ಹುಡುಕುವ ಮುಂಚೆ ಜಿಎಚ್ ಅಳೆಯಿರಿ.

ಗಂಡು, ಹೆಣ್ಣು, ಮೊಟ್ಟೆ

ಪ್ರಾಣಿ ಗಾಜಿಗೆ ಒರಗಿ ಹತ್ತುವಾಗ ಹೊಟ್ಟೆಯ ಕಡೆ ನೋಡಿ. ಗಂಡಿಗೆ ಬಾಲದ ಬುಡದ ಮೊದಲ ಎರಡು ಜೊತೆ ಈಜುಗಾಲುಗಳು ಗಟ್ಟಿಯಾದ ಕಡ್ಡಿಗಳಾಗಿ ಮುಂದಕ್ಕೆ ಮಡಚಿ, ನಡೆಯುವ ಕಾಲುಗಳ ನಡುವೆ ಕೂತಿರುತ್ತವೆ. ಹೆಣ್ಣಿಗೆ ಆ ಕಡ್ಡಿಗಳಿಲ್ಲ. ಕೊನೆಯ ಜೊತೆ ಕಾಲುಗಳ ನಡುವೆ ಒಂದು ಪುಟ್ಟ ಗುಂಡನೆಯ ಉಬ್ಬು, ಗಂಡಿನ ವೀರ್ಯವನ್ನು ಕಾಪಿಟ್ಟುಕೊಳ್ಳುವ ಚೀಲ. ಒಂದೂವರೆ ಸೆಂಟಿಮೀಟರ್ ದಾಟಿದರೆ ಭೂತಗನ್ನಡಿಯಲ್ಲಿ ಈ ವ್ಯತ್ಯಾಸ ಸ್ಪಷ್ಟ.

ಮೂರು ನಾಲ್ಕು ತಿಂಗಳಿಗೆ ಪ್ರಾಯಕ್ಕೆ ಬರುತ್ತವೆ. 22ರಿಂದ 25 ಡಿಗ್ರಿ ಉಷ್ಣತೆ, ಒಳ್ಳೆಯ ಊಟ, ಸಾಕಷ್ಟು ಮರೆ ಇದ್ದರೆ ನೀವು ಬೇರೇನೂ ಮಾಡಬೇಕಿಲ್ಲ. ಹೆಣ್ಣು ಪೊರೆ ಕಳಚಿದ ಬೆನ್ನಿಗೇ ಕೂಡುವುದು ಹೆಚ್ಚು. ಗಂಡು ಅದನ್ನು ಅಂಗಾತ ಕೆಡವಿ ಇಕ್ಕಳದಲ್ಲಿ ಹಿಡಿದುಕೊಂಡಾಗ ಜಗಳವೆಂದು ಬಿಡಿಸಲು ಹೋಗಬೇಡಿ. ಮೊಟ್ಟೆ ಕೂಡಲೇ ಬರುವುದಿಲ್ಲ, ದಿನಗಳೋ ವಾರಗಳೋ ಕಳೆಯಬಹುದು. ಬಾಲದ ಅಡಿಯಲ್ಲಿ ಬೆಳ್ಳನೆಯ ಪಟ್ಟಿಗಳು ಕಂಡರೆ ಕಾಲ ಹತ್ತಿರವಾಯಿತೆಂದು ತಿಳಿಯಿರಿ. ಅವು ಮೊಟ್ಟೆಗಳನ್ನು ಅಂಟಿಸುವ ಗೋಂದಿನ ಗ್ರಂಥಿಗಳು.

ಒಂದು ಹೆಣ್ಣು 20ರಿಂದ 60 ಮೊಟ್ಟೆಗಳನ್ನು ಬಾಲದಡಿಯ ಈಜುಗಾಲುಗಳಿಗೆ ಅಂಟಿಸಿಕೊಂಡು, ಬಾಲವನ್ನು ಬಟ್ಟಲಂತೆ ಮಡಚಿ, ಹೆಂಚಿನ ಸಂದು ಸೇರುತ್ತದೆ. ಆಗ ಅದನ್ನು ಗಮನಿಸುವುದೇ ಒಂದು ಸುಖ. ಈಜುಗಾಲುಗಳನ್ನು ಹಿಂದೆ ಮುಂದೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುತ್ತದೆ, ಹಿಂಗಾಲನ್ನು ಒಳಗೆ ಚಾಚಿ ಒಂದೊಂದನ್ನೇ ತಡವಿ, ಬೂಸು ಹಿಡಿದದ್ದನ್ನು ಕಿತ್ತು ಹಾಕುತ್ತದೆ. ಎಳೆಯ ಹೆಣ್ಣು ಮೊದಲ ಸಲ ಎಲ್ಲವನ್ನೂ ಉದುರಿಸಿಬಿಡುವುದುಂಟು, ನಿರಾಶರಾಗಬೇಡಿ. ಹಿಡಿದು ಬೇರೆ ತೊಟ್ಟಿಗೆ ಹಾಕುವ ಆತುರವೂ ಬೇಡ. ಹಾಕಲೇಬೇಕಿದ್ದರೆ ಬಲೆ ಬಳಸದೆ, ನೀರಿನೊಳಗೇ ಲೋಟವೊಂದಕ್ಕೆ ಹೊಗಿಸಿ ನೀರಿನ ಸಮೇತ ಎತ್ತಿ.

24 ಡಿಗ್ರಿಯ ಆಸುಪಾಸಿನಲ್ಲಿ ಮೂರರಿಂದ ನಾಲ್ಕು ವಾರ, ತಂಪಾಗಿದ್ದರೆ ಇನ್ನೂ ತಡ. ಕಪ್ಪಗಿದ್ದ ಮೊಟ್ಟೆ ತಿಳಿಯಾಗಿ, ಒಳಗೆ ಎರಡು ಕಣ್ಣಿನ ಚುಕ್ಕೆ ಕಾಣುತ್ತವೆ. ಸೀಗಡಿಯ ಕೆಲವು ಜಾತಿಗಳಲ್ಲಿರುವಂತೆ ಉಪ್ಪುನೀರಿನ ಲಾರ್ವಾ ಹಂತ ಇಲ್ಲಿಲ್ಲ, ಹುಟ್ಟುವಾಗಲೇ ಪುಟ್ಟ ಕ್ರೇಫಿಶ್. ಮೊದಲ ಒಂದೆರಡು ಪೊರೆ ತಾಯಿಯ ಹೊಟ್ಟೆಗೆ ಅಂಟಿಕೊಂಡೇ ಮುಗಿಸಿ, ವಾರ ಹತ್ತು ದಿನಕ್ಕೆ ಇಳಿದು ಪಾಚಿಯೊಳಗೆ ಚದುರುತ್ತವೆ.

ಮರಿಗಳಿಗೆ ಅಮ್ಮನ ರಕ್ಷಣೆ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ದೊಡ್ಡವು ಎದುರಿಗೆ ಸಿಕ್ಕಿದ್ದನ್ನು ತಿನ್ನುತ್ತವೆ, ಮರಿಗಳೂ ಪೊರೆ ಬಿಟ್ಟ ಒಡಹುಟ್ಟಿದವನ್ನು ತಿನ್ನುತ್ತವೆ. ಹೆಚ್ಚು ಉಳಿಯಬೇಕೆಂದರೆ ಬೇರೆ ತೊಟ್ಟಿಗೆ ಹಾಕಿದ್ದ ತಾಯಿಯನ್ನು ಹಳೆಯ ಗುಂಪಿಗೆ ಮರಳಿಸಿ, ಮರಿಗಳ ತೊಟ್ಟಿಯಲ್ಲಿ ಒಣ ಎಲೆ ಮತ್ತು ಪಾಚಿಯನ್ನು ಒತ್ತಾಗಿ ತುಂಬಿ, ದಿನಕ್ಕೆ ಎರಡು ಬಾರಿ ಗುಳಿಗೆಯ ಪುಡಿಯನ್ನು ಚಿಟಿಕೆಯಷ್ಟು ಇಡೀ ತೊಟ್ಟಿಗೆ ಚದುರುವಂತೆ ಉದುರಿಸಿ. ಒಂದೇ ಕಡೆ ಹಾಕಿದರೆ ಎಲ್ಲವೂ ಅಲ್ಲಿ ಸೇರಿ ಕಾದಾಡುತ್ತವೆ.

ಬಿಸಿಲು ಮತ್ತು ವಿಷ

ಎತ್ತರದ ಸರೋವರದಿಂದ ಬಂದ ಪ್ರಾಣಿಗೆ ಮೈಸೂರು, ಮಡಿಕೇರಿ, ಚಿಕ್ಕಮಗಳೂರಿನ ಹವೆ ಒಗ್ಗುತ್ತದೆ, ಹೀಟರ್ ಬೇಕಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆ ಕಷ್ಟ. ನೀರು 28 ಡಿಗ್ರಿ ದಾಟುತ್ತಿದ್ದಂತೆ ಮುಚ್ಚಳದ ಬದಲು ಸೊಳ್ಳೆಪರದೆ ಬಿಗಿದು, ನೀರಿನ ಮೇಲ್ಮೈಗೆ ಪುಟ್ಟ ಫ್ಯಾನ್ ಬಿಡಿ. ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟನ್ನು ಆರ್‌ಒ ನೀರಿನಿಂದಲೇ ತುಂಬಿಸಿ, ಇಲ್ಲದಿದ್ದರೆ ಖನಿಜ ಏರುತ್ತಾ ಹೋಗುತ್ತದೆ.

ಕ್ರೇಫಿಶ್ ಕೀಟಗಳ ಬಂಧು. ಜಿರಳೆ, ಸೊಳ್ಳೆಗಳನ್ನು ಕೊಲ್ಲುವುದು ಇದನ್ನೂ ಕೊಲ್ಲುತ್ತದೆ. ಗೋಡೆಗೆ ಸಿಕ್ಕಿಸುವ ಸೊಳ್ಳೆ ಯಂತ್ರದ ಆವಿಯನ್ನು ಗಾಳಿ ಪಂಪು ಎಳೆದು ನೇರವಾಗಿ ನೀರಿಗೆ ಬೆರೆಸುತ್ತದೆ. ತೊಟ್ಟಿಯಿರುವ ಕೋಣೆಯಲ್ಲಿ ಅದನ್ನು ಹಚ್ಚಲೇಬೇಡಿ. ಜಿರಳೆ ಸೀಮೆಸುಣ್ಣ ಮುಟ್ಟಿದ ಕೈಯನ್ನು ನೀರಿಗೆ ಅದ್ದಬೇಡಿ. ಇನ್ನೊಂದು ವಿಷ ತಾಮ್ರ. ಮೀನಿನ ಬಿಳಿಚುಕ್ಕೆ ಕಾಯಿಲೆಯ ಕೆಲವು ಔಷಧಗಳಲ್ಲಿ, ಬಸವನಹುಳು ಕೊಲ್ಲುವ ದ್ರಾವಣಗಳಲ್ಲಿ ಅದಿರುತ್ತದೆ. ತಾಮ್ರದ ಹಂಡೆ, ಬಿಂದಿಗೆಯಲ್ಲಿಟ್ಟ ನೀರನ್ನೂ ಗೀಸರ್‌ನ ಬಿಸಿನೀರನ್ನೂ ತೊಟ್ಟಿಗೆ ಸುರಿಯಬೇಡಿ.

ಮರಿಗಳು ಹೆಚ್ಚಾದಾಗ

ನಾಲ್ಕು ಹೆಣ್ಣುಗಳಿದ್ದರೆ ವರ್ಷದೊಳಗೆ ತೊಟ್ಟಿ ತುಂಬುತ್ತದೆ. ಜಾಗ ಸಾಲದೆಂದು ಕಂಡೊಡನೆ ಗಂಡು ಹೆಣ್ಣುಗಳನ್ನು ಬೇರೆ ಮಾಡಿ. ಕೆರೆಗೆ, ತೊರೆಗೆ, ಗದ್ದೆಗೆ, ದೇವಸ್ಥಾನದ ಕಲ್ಯಾಣಿಗೆ ಒಂದನ್ನೂ ಬಿಡಬೇಡಿ. ಭಾರತಕ್ಕೆ ತನ್ನದೇ ಆದ ಕ್ರೇಫಿಶ್ ಇಲ್ಲ. ಪಶ್ಚಿಮಘಟ್ಟದ ತೊರೆಗಳ ಏಡಿ, ಸೀಗಡಿಗಳು ಇಂಥ ಪ್ರಾಣಿಯೊಂದಿಗೆ ಬಾಳಿ ಗೊತ್ತಿದ್ದವಲ್ಲ. ಕೀನ್ಯಾದ ನೈವಾಶಾ ಸರೋವರಕ್ಕೆ 1970ರಲ್ಲಿ ತಂದುಬಿಟ್ಟ ಕೆಂಪು ಕ್ರೇಫಿಶ್ ಅಲ್ಲಿನ ನೀರೊಳಗಿನ ಸಸ್ಯಗಳನ್ನು ಬರಿದುಮಾಡಿತು. ಮನೆಯ ತೊಟ್ಟಿಗಳಿಂದ ಹೊರಬಿದ್ದ ಸಕ್ಕರ್ ಮೀನು ಕೇರಳ, ಆಂಧ್ರದ ನೀರುಗಳಲ್ಲಿ ಬಲೆ ಹಾಕುವವರ ಜೀವ ಹಿಂಡುತ್ತಿರುವುದನ್ನು ನೋಡುತ್ತಲೇ ಇದ್ದೇವೆ. ಬದಲಿಸಿದ ನೀರನ್ನು ರಾಜಕಾಲುವೆಗೆ ಸೇರುವ ಚರಂಡಿಗೆ ಚೆಲ್ಲದೆ ಗಿಡಗಳಿಗೆ ಹಾಕಿ, ಸತ್ತವನ್ನು ಮಣ್ಣಿನಲ್ಲಿ ಹೂಳಿ.

ಒಂದೂವರೆ ಸೆಂಟಿಮೀಟರ್ ಆದ ಮರಿಗಳನ್ನು ತೊಟ್ಟಿ ಸಿದ್ಧವಿರುವ ಹವ್ಯಾಸಿಗಳಿಗೆ ಕೊಡಬಹುದು. ಪಡೆಯುವವರ ನೀರಿನ ಜಿಎಚ್ ಎಷ್ಟೆಂದು ಮೊದಲೇ ಕೇಳಿ. ಕೆಲವನ್ನು ಬದಲಿಗೆ ಕೊಟ್ಟು ಅವರ ಕಡೆಯ ಗಂಡೊಂದನ್ನು ಪಡೆದರೆ ನಿಮ್ಮ ತಳಿಗೆ ಹೊಸ ರಕ್ತ ಬಂದಂತಾಗುತ್ತದೆ. ಹಿಂದಿನ ದಿನ ಊಟ ನಿಲ್ಲಿಸಿ. ಆಗಷ್ಟೇ ಪೊರೆ ಬಿಟ್ಟದ್ದನ್ನು ಕಳಿಸಬೇಡಿ. ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿ, ಕಾಲು ಭಾಗ ನೀರು, ಉಳಿದದ್ದು ಗಾಳಿ, ಹಿಡಿದುಕೊಳ್ಳಲು ಒಂದೆಳೆ ಪಾಚಿ ಹಾಕಿ ಕಟ್ಟಿ, ಬಿಸಿಲು ಇಳಿದ ಮೇಲೆ ಸಾಗಿಸಿ.